ಮೊಟ್ಟೆ ಹಾಕದ ತರಕಾರಿ ಬ್ರೆಡ್: ಒಳಗೆ ಹಸಿ ಮುದ್ದೆ, ಕಾವಲಿ ಮೇಲೆ ಪುಡಿ ಪುಡಿ

ತುಂಗಾತೀರ (ಶಿವಮೊಗ್ಗ):

ಮನೆಯಲ್ಲಿ ಸಕ್ಕರೆ ಕಾಯಿಲೆ ಇರುವ ಹಿರಿಯರಿಗೆ ಬೆಳಗಿನ ಅಕ್ಕಿರೊಟ್ಟಿ, ಕಡುಬು, ಬ್ರೆಡ್ ಬದಲಿಗೆ ತರಕಾರಿಯಿಂದ ಮಾಡಿದ ಬ್ರೆಡ್ ಥರದ್ದು ಬೇಕು. ಮೊಟ್ಟೆ ಒಳಗೆ ಬರುವಂತಿಲ್ಲ. ಮೈದಾ, ಗೋಧಿ, ಅಕ್ಕಿಹಿಟ್ಟು, ಕಾರ್ನ್‌ಫ್ಲೋರ್ ಯಾವುದೂ ಬೇಡ. ಇರುವ ಸಾಮಾನು: 19 ಲೀಟರಿನ ಓಟಿಜಿ (ಕರೆಂಟಿನ ಸಣ್ಣ ಓವನ್), ಕಬ್ಬಿಣದ ಕಾವಲಿ, ಇಡ್ಲಿ ಪಾತ್ರೆ, ಮಿಕ್ಸಿ, ಅಡುಗೆ ತಕ್ಕಡಿ. ಮಳೆಗಾಲದಲ್ಲಿ ಕರೆಂಟಿನ ಭರವಸೆ ಇಲ್ಲ, ಹಾಗಾಗಿ ಗ್ಯಾಸ್ ಮೇಲೆ ಆಗುವ ದಾರಿಯೂ ಬೇಕು.

ಈಗಿನ ಅಳತೆ: ಹಸಿ ಹೂಕೋಸಿನ ತುರಿ 500 ಗ್ರಾಂ, ಬಾದಾಮಿ ಪುಡಿ 100 ಗ್ರಾಂ, ಅಗಸೆ ಪುಡಿ 2 ದೊಡ್ಡ ಚಮಚ, ಅಡುಗೆ ಸೋಡಾ 1 ಚಮಚ, ಉಪ್ಪು. ಬ್ರೆಡ್ ಟಿನ್ನಿನಲ್ಲಿ ಹಾಕಿ 180 ಡಿಗ್ರಿಯಲ್ಲಿ 40 ನಿಮಿಷ. ಮೇಲೆ ಕಂದು, ಒಳಗೆ ಹಸಿ ಮುದ್ದೆ. ಇದೇ ಹದವನ್ನು ಕಾವಲಿ ಮೇಲೆ ತಟ್ಟಿದರೆ ತಿರುವಿ ಹಾಕುವಾಗ ಪುಡಿ ಪುಡಿ. ಸೋಡಾದ ಸಾಬೂನಿನಂಥ ರುಚಿ ಬೇರೆ. ಎಲ್ಲಿ ತಪ್ಪುತ್ತಿದೆ? ಹೂಕೋಸು ಬಿಟ್ಟು ನಮ್ಮ ಕಡೆ ಸಿಗುವ ಬೇರೆ ತರಕಾರಿಯಲ್ಲಿ ಆಗುತ್ತದಾ?

ಒಲೆ ಮತ್ತು ತಕ್ಕಡಿ:

ಉತ್ತರ ನಿಮ್ಮ ಅಳತೆಯಲ್ಲೇ ಇದೆ. ಹೂಕೋಸಿನಲ್ಲಿ ನೂರಕ್ಕೆ 92 ಪಾಲು ನೀರು. 500 ಗ್ರಾಂ ತುರಿ ಅಂದರೆ 460 ಗ್ರಾಂ ನೀರು. ಅಷ್ಟು ನೀರು ಕುಡಿಯಲು ನೀವು ಕೊಟ್ಟಿದ್ದು 100 ಗ್ರಾಂ ಬಾದಾಮಿ, ಅದರಲ್ಲೂ ಅರ್ಧದಷ್ಟು ಎಣ್ಣೆ. ಅದು ಗೋಧಿ ಹಿಟ್ಟಿನ ಹಾಗೆ ನೀರು ಹೀರುವುದಿಲ್ಲ. ನೀರು ಆರುವ ತನಕ ಒಳಗಿನ ಬಿಸಿ 100 ಡಿಗ್ರಿ ದಾಟುವುದಿಲ್ಲ, ಅಷ್ಟರೊಳಗೆ ಮೇಲ್ಭಾಗ ಕೆಂಪಾಗಿ ಗಟ್ಟಿಯಾಗುತ್ತದೆ, ಒಳಗಿನ ಹಬೆಗೆ ದಾರಿ ಮುಚ್ಚುತ್ತದೆ. ಇನ್ನೂ 20 ನಿಮಿಷ ಬಿಟ್ಟರೂ ಸುಡುವುದು ಮೇಲ್ಭಾಗವೇ.

ಎರಡನೆಯದು ಹಿಡಿತ. ಮೈದಾ ಬ್ರೆಡ್ಡನ್ನು ಗೋಧಿಯ ಅಂಟು, ಅಂದರೆ ಗ್ಲೂಟನ್ ಹಿಡಿಯುತ್ತದೆ, ಮೊಟ್ಟೆ ಬ್ರೆಡ್ಡನ್ನು ಗಟ್ಟಿಯಾದ ಮೊಟ್ಟೆ ಹಿಡಿಯುತ್ತದೆ. ನಿಮ್ಮದರಲ್ಲಿ ಎರಡೂ ಇಲ್ಲ, ಅಗಸೆ ಒಂದೇ ಆ ಕೆಲಸ ಮಾಡಲಾರದು. ಇಸಬಗೋಲ್ ಹೊಟ್ಟು ಬೇಕೇ ಬೇಕು. ಔಷಧ ಅಂಗಡಿಯಲ್ಲೋ ಗ್ರಂಧಿಗೆ ಅಂಗಡಿಯಲ್ಲೋ ಕೇಳಿ, ಆದರೆ ಬರೀ ಹೊಟ್ಟು ಅಂತ ಹೇಳಿ. ಕಿತ್ತಳೆ, ನಿಂಬೆ ಸ್ವಾದದ ಪುಡಿಗಳಲ್ಲಿ ಕೆಲವಕ್ಕೆ ಸಕ್ಕರೆ ಬೆರೆಸಿರುತ್ತಾರೆ.

ಈಗ ವಿಧಾನ. ಹೂಕೋಸನ್ನು ಮಿಕ್ಸಿಯಲ್ಲಿ ರವೆಯಷ್ಟು ತರಿಯಾಗಿ, ಬಿಟ್ಟು ಬಿಟ್ಟು ತಿರುಗಿಸಿ. ನುಣ್ಣಗಾದರೆ ಹಿಂಡುವಾಗ ಬಟ್ಟೆಯ ಸಂದಿಯಿಂದ ತರಕಾರಿಯೇ ಹೊರಗೆ ಬರುತ್ತದೆ. ಇಡ್ಲಿ ಪಾತ್ರೆಯಲ್ಲಿ ಬಟ್ಟೆ ಹಾಸಿ 8 ನಿಮಿಷ ಹಬೆಯಲ್ಲಿ ಬೇಯಿಸಿ. ಈ ಹೆಜ್ಜೆ ಬಿಡಬೇಡಿ: ಹಸಿ ಹೂಕೋಸು ನೀರನ್ನು ಒಳಗೇ ಹಿಡಿದುಕೊಂಡಿರುತ್ತದೆ, ಬೆಂದ ಮೇಲೆ ಗೋಡೆ ಮೆತ್ತಗಾಗಿ ನೀರು ಬಿಟ್ಟುಕೊಡುತ್ತದೆ. ತಟ್ಟೆಯಲ್ಲಿ ಹರಡಿ ಕೈ ತಡೆಯುವಷ್ಟು ಆರಿಸಿ, ತೆಳು ಹತ್ತಿ ಬಟ್ಟೆಯಲ್ಲಿ ಗಂಟು ಕಟ್ಟಿ ಹಿಂಡಿ. ಗಂಟನ್ನು ಬಿಚ್ಚಿ, ಕೆದಕಿ, ಇನ್ನೊಮ್ಮೆ ಹಿಂಡಿ. ಎರಡನೇ ಸಲವೂ ನೀರು ಬರುತ್ತದೆ. ಆಮೇಲೆ ತೂಗಿ. 500 ಗ್ರಾಂ ಇದ್ದದ್ದು 200ರಿಂದ 220ಕ್ಕೆ ಇಳಿದಿರಬೇಕು. 300 ಇದ್ದರೆ ಇನ್ನೂ ಹಿಂಡಿ, ಇಲ್ಲವೇ ಬಾಣಲೆಯಲ್ಲಿ ಎಣ್ಣೆ ಹಾಕದೆ ಸಣ್ಣ ಉರಿಯಲ್ಲಿ ಬಾಡಿಸಿ. ತಕ್ಕಡಿ ಇದ್ದೂ ಕಣ್ಣಂದಾಜು ಬೇಡ ಮಾರಾಯ್ರೆ, ಈ ಬ್ರೆಡ್ಡಿನಲ್ಲಿ ಕೆಡುವುದೆಲ್ಲ ಇಲ್ಲೇ.

ಹಿಂಡಿದ ತರಕಾರಿ 200 ಗ್ರಾಂಗೆ ಬಾದಾಮಿ ಪುಡಿ 120, ಅಗಸೆ ಪುಡಿ 40, ಇಸಬಗೋಲ್ ಹೊಟ್ಟು 30, ಉಪ್ಪು 5, ಬೇಕಿಂಗ್ ಪೌಡರ್ 8 ಗ್ರಾಂ. ಇವನ್ನೆಲ್ಲ ಒಣಗಿದ್ದಾಗಲೇ ಚೆನ್ನಾಗಿ ಬೆರೆಸಿ. ಇಸಬಗೋಲ್ ಮೇಲೆ ನೇರವಾಗಿ ನೀರು ಬಿದ್ದರೆ ಗಂಟು ಕಟ್ಟುತ್ತದೆ, ಆ ಗಂಟು ಮತ್ತೆ ಒಡೆಯುವುದಿಲ್ಲ. ಆಮೇಲೆ ತರಕಾರಿ ಸೇರಿಸಿ, ನಿಂಬೆರಸ 2 ಚಮಚ, ಎಣ್ಣೆ 1 ದೊಡ್ಡ ಚಮಚ, ಬಿಸಿನೀರು 100 ಮಿಲಿ ಹಾಕಿ ಕಲಸಿ. ಮೊದಲು ಸಡಿಲವಾಗಿ, ಅಂಟಂಟಾಗಿ ಕಾಣುತ್ತದೆ. ಗಾಬರಿಯಾಗಿ ಬಾದಾಮಿ ಸುರಿಯಬೇಡಿ. ಹತ್ತು ನಿಮಿಷದಲ್ಲಿ ಇಸಬಗೋಲ್ ನೀರು ಕುಡಿದು, ಉಂಡೆ ಕಟ್ಟಲು ಬರುವಷ್ಟು ಗಟ್ಟಿಯಾಗುತ್ತದೆ. ಅಷ್ಟಾದ ಮೇಲೂ ಬಿರುಕು ಬಿಟ್ಟರೆ 1 ಚಮಚ ನೀರು, ಕೈಗೆ ಹರಡಿಕೊಂಡರೆ 1 ಚಮಚ ಇಸಬಗೋಲ್.

ಮೊಟ್ಟೆ ಇಲ್ಲದಾಗ ಎತ್ತರದ ಬ್ರೆಡ್ ಟಿನ್ನಿನ ಆಸೆ ಬಿಡಿ. ಒದ್ದೆ ಕೈಯಲ್ಲಿ 6 ಬನ್ ಮಾಡಿ, 3 ಸೆಂಟಿಮೀಟರ್ ದಪ್ಪ ಮೀರದ ಹಾಗೆ ತಟ್ಟಿ. ಓಟಿಜಿಯನ್ನು ಮೊದಲೇ ಕಾಯಿಸಿ, ಮೇಲೆ ಕೆಳಗೆ ಎರಡೂ ರಾಡ್ ಹಾಕಿ, ನಡುವಿನ ಹಂತದಲ್ಲಿಟ್ಟು 175 ಡಿಗ್ರಿಯಲ್ಲಿ 55ರಿಂದ 60 ನಿಮಿಷ. ನಿಮ್ಮಷ್ಟು ಸಣ್ಣ ಓಟಿಜಿಯಲ್ಲಿ ಮೇಲಿನ ರಾಡ್ ಬನ್ನಿಗೆ ತೀರಾ ಹತ್ತಿರ. 30 ನಿಮಿಷ ಕಳೆದ ಮೇಲೆ ಫಾಯಿಲ್ ಮುಚ್ಚಿ, ಕೊನೆಯ 10 ನಿಮಿಷಕ್ಕೆ ತೆಗೆಯಿರಿ. ಬೆಂದಿದೆಯೇ ನೋಡಲು ಕಡ್ಡಿ ಚುಚ್ಚುವುದು ಇಲ್ಲಿ ನಂಬಿಕೆಗೆ ಆಗುವುದಿಲ್ಲ, ಇಸಬಗೋಲ್ ಯಾವಾಗಲೂ ಸ್ವಲ್ಪ ಅಂಟುತ್ತದೆ. ಬನ್ನನ್ನು ಮಗುಚಿ ತಳ ತಟ್ಟಿದರೆ ಟೊಳ್ಳು ಸದ್ದು ಬರಬೇಕು, ಕೈಯಲ್ಲಿ ಹಗುರ ಅನ್ನಿಸಬೇಕು. ತಂತಿ ಜಾಲರಿಯ ಮೇಲೆ ಪೂರ್ತಿ ಆರಲಿ, ಕಡಿಮೆ ಅಂದರೂ ಒಂದೂವರೆ ಗಂಟೆ. ಬಿಸಿಯಲ್ಲಿ ಕುಯ್ದರೆ ಚೆನ್ನಾಗಿ ಬೆಂದದ್ದೂ ಅಂಟಂಟಾಗಿಯೇ ಕಾಣುತ್ತದೆ.

ಸೋಡಾ ವಿಷಯ: ಹುಳಿ ಏನೂ ಇಲ್ಲದೆ 1 ಚಮಚ ಸೋಡಾ ಹಾಕಿದರೆ ಅದರ ಕ್ಷಾರ ಹಾಗೇ ಉಳಿಯುತ್ತದೆ, ಆ ಸಾಬೂನಿನ ರುಚಿ ಅದರದ್ದೇ. ಬೇಕಿಂಗ್ ಪೌಡರ್ ಇಲ್ಲದಿದ್ದರೆ ಸೋಡಾ ಅರ್ಧ ಚಮಚಕ್ಕೆ ಇಳಿಸಿ, ನಿಂಬೆರಸ ಒಂದೂವರೆ ದೊಡ್ಡ ಚಮಚಕ್ಕೆ ಏರಿಸಿ, ಅಷ್ಟು ನೀರು ಕಡಿಮೆ ಮಾಡಿ. ಸೋಡಾ ಹಾಕಿದ ದಿನ ಅರಿಸಿನ ಹಾಕಬೇಡಿ, ಕೆಂಪು ತಿರುಗುತ್ತದೆ.

ಕಾರ್ಬ್ (ಪಿಷ್ಟ, ಸಕ್ಕರೆ) ಲೆಕ್ಕ: ನಾರು ಕಳೆದು ಇಡೀ ಹದಕ್ಕೆ ಸುಮಾರು 25ರಿಂದ 28 ಗ್ರಾಂ, ಬನ್ ಒಂದಕ್ಕೆ 4ರಿಂದ 5. ಅಂಗಡಿ ಬ್ರೆಡ್ಡಿನ ಒಂದೇ ಹೋಳಿನಲ್ಲಿ 13ರ ಆಸುಪಾಸು. 60 ಗ್ರಾಂ ಅಕ್ಕಿಹಿಟ್ಟಿನ ರೊಟ್ಟಿಯಲ್ಲಿ 48.

ಕಾವಲಿಕಟ್ಟೆ (ತೀರ್ಥಹಳ್ಳಿ):

ಗ್ಯಾಸ್ ಮೇಲಿನ ದಾರಿ ನಾನು ಹೇಳುತ್ತೇನೆ. ಮೇಲಿನ ಬನ್ನಿನ ಹಿಟ್ಟನ್ನೇ ಕಾವಲಿಗೆ ಹಾಕಬೇಡಿ, ಬಾದಾಮಿ ಹೆಚ್ಚಿರುವುದರಿಂದ ತಳ ಸೀಯುತ್ತದೆ. ರೊಟ್ಟಿಯ ಹದವೇ ಬೇರೆ.

ಎಲೆಕೋಸು ಇದಕ್ಕೆ ಹೂಕೋಸಿಗಿಂತ ಒಳ್ಳೆಯದು. ಸಣ್ಣಗೆ ತುರಿದು 400 ಗ್ರಾಂಗೆ ಮುಕ್ಕಾಲು ಚಮಚ ಉಪ್ಪು ತಿಕ್ಕಿ 20 ನಿಮಿಷ ಬಿಡಿ, ಹಿಂಡಿ. ಬೇಯಿಸಬೇಕಿಲ್ಲ, ಉಪ್ಪೇ ನೀರು ಎಳೆಯುತ್ತದೆ. 200 ಗ್ರಾಂ ಆಸುಪಾಸು ಉಳಿಯುತ್ತದೆ. ಉಪ್ಪು ಅದರಲ್ಲೇ ಇದೆ, ಹಿಟ್ಟಿಗೆ ಮತ್ತೆ ಹಾಕಬೇಡಿ. ಇದಕ್ಕೆ ಕಾಯಿಹಾಲು ತೆಗೆದು ಉಳಿದ ತುರಿಯನ್ನು ಒಣಗಿಸಿ ಪುಡಿ ಮಾಡಿದ್ದು 30 ಗ್ರಾಂ, ಅಗಸೆ ಪುಡಿ 25, ಇಸಬಗೋಲ್ 12 ಗ್ರಾಂ, ಜೀರಿಗೆ, ಹಸಿಮೆಣಸು, ಕರಿಬೇವು. ಬೆಚ್ಚಗಿನ ನೀರು 70ರಿಂದ 80 ಮಿಲಿ. 15 ನಿಮಿಷ ಬಿಟ್ಟರೆ 4 ರೊಟ್ಟಿಯ ಹಿಟ್ಟು. ಕಾಯಿ ಹಿಂಡಿದ ತುರಿ ಹೇಗೂ ಎಸೆಯುವ ವಸ್ತು, ನಾರು ಬೇಕಾದಷ್ಟು, ಬಾದಾಮಿಯ ಖರ್ಚೂ ಇಲ್ಲ. ಮಳೆಗಾಲದಲ್ಲಿ ಬಿಸಿಲು ನಂಬಬೇಡಿ, ಕಾವಲಿ ಮೇಲೆ ಸಣ್ಣ ಉರಿಯಲ್ಲಿ ಕೈಯಾಡಿಸುತ್ತಾ ಒಣಗಿಸಿ, ಬಣ್ಣ ತಿರುಗುವ ಮೊದಲೇ ಇಳಿಸಿ.

ತಟ್ಟುವುದು ಅಕ್ಕಿರೊಟ್ಟಿಯ ಹಾಗೇ, ಬಾಳೆ ಎಲೆಗೆ ಎಣ್ಣೆ ಸವರಿ. ದಪ್ಪ 4 ಮಿಲಿಮೀಟರ್. ಅಕ್ಕಿರೊಟ್ಟಿಯ ತೆಳು ಇಲ್ಲಿ ಬರುವುದಿಲ್ಲ, ಅಂಚು ಒಣಗಿ ಚೂರಾಗುತ್ತದೆ. ಅಗಲ ನಿಮ್ಮ ಅಂಗೈಗಿಂತ ತುಸು ದೊಡ್ಡದು ಸಾಕು. ಕಾವಲಿ ಮಧ್ಯಮ ಬಿಸಿಯಲ್ಲಿರಲಿ. ಎಲೆ ಸಮೇತ ಕವುಚಿ ಹಾಕಿ. ಎಲೆಯ ಹಸಿರು ಮಾಸಿ ತಾನೇ ಬಿಡಲು ಶುರುವಾಗುವ ತನಕ, ಅಂದರೆ ಎರಡು ನಿಮಿಷ, ಎಳೆಯಬೇಡಿ. ಎಲೆ ತೆಗೆದ ಮೇಲೆ ಉರಿ ಇಳಿಸಿ, ಮುಚ್ಚಳ ಹಾಕಿ 4 ನಿಮಿಷ. ಹಬೆಯಲ್ಲಿ ಇಸಬಗೋಲ್ ಗಟ್ಟಿಯಾದ ಮೇಲಷ್ಟೇ ರೊಟ್ಟಿ ಮಗುಚಲು ಬರುತ್ತದೆ. ನಿಮ್ಮದು ಪುಡಿಯಾಗುತ್ತಿರುವುದಕ್ಕೆ ಹಿಡಿತ ಇಲ್ಲದಿರುವುದು ಒಂದು ಕಾರಣ, ಅವಸರ ಇನ್ನೊಂದು. ತಿರುವಿದ ಮೇಲೆ ಮುಚ್ಚಳ ಬೇಡ, 4ರಿಂದ 5 ನಿಮಿಷ. ಕಾವಲಿಯಿಂದ ಇಳಿಸಿದ್ದನ್ನು ಒಂದರ ಮೇಲೊಂದು ಪೇರಿಸಿದರೆ ಬೆವರಿ ಮೆತ್ತಗಾಗುತ್ತದೆ, ಬಿದಿರು ಬುಟ್ಟಿಯಲ್ಲಿ ಬಿಡಿಬಿಡಿಯಾಗಿ ಇಡಿ.

ಬನ್ ಬೇಕೇ ಬೇಕು, ಕರೆಂಟ್ ಇಲ್ಲ ಅಂದರೆ: ಬನ್ನಿನ ಹಿಟ್ಟನ್ನು ಎಣ್ಣೆ ಸವರಿದ ಇಡ್ಲಿ ಗುಳಿಗಳಲ್ಲಿ ಹಾಕಿ 25 ನಿಮಿಷ ಹಬೆಯಲ್ಲಿ ಬೇಯಿಸಿ, ಪೂರ್ತಿ ಆರಿಸಿ, ಅಡ್ಡಕ್ಕೆ ಸೀಳಿ ಕಾವಲಿ ಮೇಲೆ ಎರಡೂ ಬದಿ ಕೆಂಪಗೆ ಸುಡಿ. ಬರೀ ಹಬೆಯದ್ದು ತಿನ್ನಲು ಜಿಗುಟು, ಸುಟ್ಟ ಮೇಲೆಯೇ ಬ್ರೆಡ್ಡಿನ ಹತ್ತಿರ ಬರುವುದು.

ಘಟ್ಟದ ಮೇಲಿನವಳು (ಸಾಗರ):

ಇಷ್ಟೆಲ್ಲ ಗುದ್ದಾಟ ಯಾಕೆ? ಹಲಸಿನಕಾಯಿ, ಜೀಗುಜ್ಜೆ (ದೀವಿ ಹಲಸು), ಬಾಳೆಕಾಯಿ ಇಲ್ಲಿ ಬೇಕಾದಷ್ಟಿದೆ. ಬೇಯಿಸಿ ರುಬ್ಬಿದರೆ ಇಸಬಗೋಲ್ ಇಲ್ಲದೆಯೂ ರೊಟ್ಟಿ ಚೆನ್ನಾಗಿ ಬರುತ್ತದೆ. ಇಲ್ಲವೇ ರಾಗಿ ಸೇರಿಸಿ.

ಒಲೆ ಮತ್ತು ತಕ್ಕಡಿ:

ಚೆನ್ನಾಗಿ ಬರುವುದೇನೋ ನಿಜ. ಬರುವುದು ಪಿಷ್ಟದ ಬಲದಿಂದ, ಅದೇ ಬೇಡ ಅಂತ ತಾನೆ ಇವರು ಕೇಳುತ್ತಿರುವುದು. 100 ಗ್ರಾಂ ಜೀಗುಜ್ಜೆಯಲ್ಲಿ ಕಾರ್ಬ್ ಸುಮಾರು 27 ಗ್ರಾಂ, ಬಾಳೆಕಾಯಿ, ಕೆಸುವಿನ ಗಡ್ಡೆ, ಗೆಣಸು ಎಲ್ಲ 20ರ ಮೇಲೆ. ಹೂಕೋಸಿನಲ್ಲಿ 5. ಬೀಜ ಬಲಿಯದ ಎಳೆ ಹಲಸಿನಲ್ಲಿ ಪಿಷ್ಟ ಕಡಿಮೆ, ಪಲ್ಯಕ್ಕೆ ಅಡ್ಡಿಯಿಲ್ಲ. ತೊಳೆ ಬಲಿತ ಕಾಯಿ ಬೇರೆಯೇ ಲೆಕ್ಕ. ರಾಗಿ ಹಿಟ್ಟಿನಲ್ಲಿ ನೂರಕ್ಕೆ 70ರ ಹತ್ತಿರ ಕಾರ್ಬ್, ಗೋಧಿಗೂ ಅದಕ್ಕೂ ಆ ಲೆಕ್ಕದಲ್ಲಿ ದೊಡ್ಡ ವ್ಯತ್ಯಾಸ ಇಲ್ಲ. ಸುಣ್ಣದ ಅಂಶ (ಕ್ಯಾಲ್ಸಿಯಂ) ಹೆಚ್ಚು ಅನ್ನುವುದು ಬೇರೆ ಮಾತು. ಕಡಲೆಹಿಟ್ಟು ನಡುವಿನದು, ನಾರು ಕಳೆದು 47ರಷ್ಟು. ಮೇಲಿನ ರೊಟ್ಟಿ ಹಿಟ್ಟಿಗೆ 15 ಗ್ರಾಂ ಕಡಲೆಹಿಟ್ಟು ಸೇರಿಸಿದರೆ ತಟ್ಟಲು ಸಲೀಸು, ಇಡೀ ಹದಕ್ಕೆ ಏರುವುದು 7 ಗ್ರಾಂ. ಆ ಹೊಂದಾಣಿಕೆ ಒಪ್ಪಬಹುದು.

ಮೊಗೆಕಾಯಿ (ಮಂಗಳೂರು ಸೌತೆ) ತೆಳ್ಳೇವು ಅನ್ನುವ ತೆಳು ದೋಸೆ, ಕೆಸುವಿನೆಲೆಯ ಪತ್ರೊಡೆ ತರಕಾರಿಯ ತಿಂಡಿ ಅಂತ ಕೆಲವರು ಧೈರ್ಯವಾಗಿ ತಿನ್ನುತ್ತಾರೆ. ಅವುಗಳಲ್ಲಿ ಹಿಡಿದುಕೊಂಡಿರುವುದು ಅಕ್ಕಿ.

ಸೊಪ್ಪಿನ ಹಿತ್ತಲು (ಹೊಸನಗರ):

ತರಕಾರಿ ಬಗ್ಗೆ ಕೇಳಿದ್ದಿರಿ. ಹಿತ್ತಲಲ್ಲಿ ಸಿಗುವ ಕ್ರಮದಲ್ಲೇ ಹೇಳುತ್ತೇನೆ.

ಬೂದುಗುಂಬಳ ಬನ್ನಿಗೆ ತುಂಬ ಒಪ್ಪುತ್ತದೆ, ತನ್ನದೇ ರುಚಿ ಇಲ್ಲದಿರುವುದೇ ಅದರ ಗುಣ. ಆದರೆ ನೂರಕ್ಕೆ 96 ಪಾಲು ನೀರು. ಸಿಪ್ಪೆ, ನಡುವಿನ ಮೆತ್ತನೆ ತಿರುಳು, ಬೀಜ ತೆಗೆದ ತುರಿ 700 ಗ್ರಾಂ ತೆಗೆದುಕೊಂಡರೆ ಹಿಂಡಿದ ಮೇಲೆ ಸುಮಾರು 200 ಗ್ರಾಂ. ಉಪ್ಪು ಹಾಕಿ ಹಿಂಡಿದರೆ ಸಾಕು, ಬೇಯಿಸುವುದು ಬೇಡ, ಬೆಂದರೆ ಲೋಳೆಯಾಗಿ ಬಟ್ಟೆಗೆ ಮೆತ್ತಿಕೊಳ್ಳುತ್ತದೆ. ಹಿಂಡಿದ ನೀರನ್ನು ಸಾರಿಗೆ ಬಳಸಿ, ಉಪ್ಪು ಇದೆ ಅನ್ನುವುದು ನೆನಪಿರಲಿ. ಮೊಗೆಕಾಯಿಗೂ ಇದೇ ದಾರಿ. ಸೋರೆಕಾಯಿಗೂ ಇದೇ, ಆದರೆ ಕುಯ್ದ ಕೂಡಲೇ ಒಂದು ಚೂರು ನಾಲಗೆಗೆ ಮುಟ್ಟಿಸಿ ನೋಡಿ. ಕಹಿ ಇದ್ದರೆ ಇಡೀ ಕಾಯಿ ಎಸೆಯಿರಿ. ಕಹಿ ಸೋರೆ ವಾಂತಿ ಭೇದಿ ತರುವ ವಿಷ, ಬೇಯಿಸಿದರೂ ಹೋಗುವುದಿಲ್ಲ.

ಬಾಳೆದಿಂಡು ಒಂಟಿಯಾಗಿ ಆಗುವುದಿಲ್ಲ, ಎಲೆಕೋಸಿನ ಜೊತೆ ಕಾಲು ಭಾಗ ಸೇರಿಸಬಹುದು. ಬಿಲ್ಲೆ ಮಾಡುವಾಗಲೇ ಎಳೆಯಾಗಿ ಬರುವ ನೂಲನ್ನು ಬೆರಳಿಗೆ ಸುತ್ತಿ ತೆಗೆದು, ಕಪ್ಪಾಗದಂತೆ ಮಜ್ಜಿಗೆ ನೀರಿಗೆ ಹಾಕಿ, ತೀರಾ ಸಣ್ಣಗೆ ಕೊಚ್ಚಿ. ಉದ್ದ ನಾರು ಉಳಿದರೆ ರೊಟ್ಟಿ ಅದೇ ಗೆರೆಯಲ್ಲಿ ಹರಿಯುತ್ತದೆ.

ಕಳಲೆ (ಎಳೆ ಬಿದಿರಿನ ಮೊಳಕೆ) ಕಾಲದಲ್ಲಿ ಕಳಲೆಯೂ ಆಗುತ್ತದೆ, ಕಾರ್ಬ್ ತೀರಾ ಕಡಿಮೆ. ಹಸಿ ಕಳಲೆಯಲ್ಲಿ ಸಯನೈಡ್ ಬಿಡುವ ಅಂಶ ಇರುವುದರಿಂದ ಮಾಮೂಲಿನಂತೆ ತೆಳುವಾಗಿ ಹೆಚ್ಚಿ, ದಿನಾ ನೀರು ಬದಲಿಸುತ್ತಾ ಮೂರು ದಿನ ನೆನೆಸಿ, ಕುದಿಸಿ ಆ ನೀರು ಚೆಲ್ಲಿದ ಮೇಲೆಯೇ ಬಳಸಬೇಕು. ಮಿಕ್ಸಿಯಲ್ಲಿ ತರಿ ಮಾಡಿ ಹಿಂಡಿ. ವಾಸನೆ ಇಷ್ಟಪಡದವರ ಮನೆಯಲ್ಲಿ ಈ ಪ್ರಯೋಗ ಬೇಡ.

ಸೊಪ್ಪು ಮಾತ್ರ ಅಳತೆ ಮೀರಬಾರದು. ಹರಿವೆಯೋ ನುಗ್ಗೆಯೋ ಬಾಡಿಸಿ ಹಿಂಡಿದ್ದು ಒಂದು ಹಿಡಿ ಸಾಕು. ಬಸಳೆ ಬೇಡ, ಇಸಬಗೋಲಿನ ಲೋಳೆಯ ಮೇಲೆ ಬಸಳೆಯ ಲೋಳೆ ಯಾರಿಗೂ ಬೇಕಾಗಿಲ್ಲ.

ಪಥ್ಯದ ಡಬ್ಬಿ:

ಅಡುಗೆ ಮಾತಿನ ನಡುವೆ ಔಷಧದ ಮಾತು ಒಂದಿಷ್ಟು. ಅವರು ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಥರದ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ದಿನಾ ತಿನ್ನುತ್ತಿದ್ದ ಅಕ್ಕಿರೊಟ್ಟಿಯನ್ನು ಒಮ್ಮೆಲೇ ನಿಲ್ಲಿಸಿದಾಗ ಹಳೇ ಅಳತೆಯ ಔಷಧಕ್ಕೆ ಸಕ್ಕರೆ ತೀರಾ ಇಳಿಯಬಹುದು. ಬೆವರು, ನಡುಕ, ತಲೆಸುತ್ತು ಅದರ ಲಕ್ಷಣ. ತಿಂಡಿ ಬದಲಿಸುವ ಮೊದಲೇ ವೈದ್ಯರಿಗೆ ಹೇಳಿ. ಮಾತ್ರೆಯ ಹೆಸರು ಗ್ಲಿಫ್ಲೋಜಿನ್ ಅಂತ ಮುಗಿಯುವುದಾದರೆ ಕಾರ್ಬನ್ನು ಪೂರ್ತಿ ಕಿತ್ತುಹಾಕುವುದು ಇನ್ನೂ ಅಪಾಯ, ಸಕ್ಕರೆ ಮಟ್ಟ ಹೆಚ್ಚಿಲ್ಲದೆಯೂ ರಕ್ತದಲ್ಲಿ ಆಮ್ಲ ಏರಬಹುದು. ಅದನ್ನು ಕೇಳದೆ ಮಾಡಲೇಬೇಡಿ.

ಇಸಬಗೋಲ್ ಇರುವ ತಿಂಡಿಯ ಜೊತೆ ನೀರು ಚೆನ್ನಾಗಿ ಕುಡಿಯಬೇಕು, ಮಾತ್ರೆಗೂ ಅದಕ್ಕೂ ಎರಡು ಗಂಟೆ ಅಂತರ ಇರಲಿ, ಮಾತ್ರೆಯನ್ನು ಹೀರಿಕೊಳ್ಳುವುದಕ್ಕೆ ಅದು ಅಡ್ಡ ಬರುತ್ತದೆ. ಇಷ್ಟು ನಾರು ಅಭ್ಯಾಸವಿಲ್ಲದ ಹೊಟ್ಟೆಗೆ ಮೊದಲ ವಾರ ದಿನಕ್ಕೆ ಒಂದೇ ಬನ್. ನುಂಗಲು ತೊಂದರೆ ಇರುವ ಹಿರಿಯರಿಗೆ ಇಸಬಗೋಲಿನದ್ದು ಕೊಡುವುದೇ ಬೇಡ.

ತುಂಗಾತೀರ:

ಎಲ್ಲರಿಗೂ ಧನ್ಯವಾದ. ವೈದ್ಯರ ಹತ್ತಿರ ಮಾತಾಡಿಯೇ ಶುರು ಮಾಡುತ್ತೇವೆ. ಹೂಕೋಸು 215 ಗ್ರಾಂಗೆ ಇಳಿಯಿತು, ಬನ್ ಒಳಗೂ ಬೆಂದಿದೆ. ಈಗ ಉಳಿದಿರುವುದು ಮೂರು. ಒಳಗೆ ಬೂದು ನೇರಳೆ ಬಣ್ಣ ಬಂದಿದೆ, ಕೆಟ್ಟಿದೆಯಾ? ಎರಡು ಬನ್ನಿನಲ್ಲಿ ಮೇಲಿನ ಸಿಪ್ಪೆಯ ಕೆಳಗೆ ದೊಡ್ಡ ಪೊಳ್ಳು. ಮತ್ತೆ ಬೇಯುವ ಮಧ್ಯೆ ಕರೆಂಟ್ ಹೋದರೆ ಏನು ಮಾಡುವುದು?

ಒಲೆ ಮತ್ತು ತಕ್ಕಡಿ:

ಕೆಟ್ಟಿಲ್ಲ. ಕೆಲವು ಕಂಪನಿಯ ಇಸಬಗೋಲ್ ಬಿಸಿಯಲ್ಲಿ, ಬೇಕಿಂಗ್ ಪೌಡರ್ ಜೊತೆ ಆ ಬಣ್ಣ ಬಿಡುತ್ತದೆ, ತಿನ್ನಲು ಅಡ್ಡಿಯಿಲ್ಲ. ಬೇರೆ ಕಂಪನಿಯದ್ದು, ಆದಷ್ಟು ಬಿಳಿ ಹೊಟ್ಟು ತಂದು ನೋಡಿ. ನೋಟ ಮರೆಸಬೇಕೆಂದರೆ 10 ಗ್ರಾಂ ಬಾದಾಮಿ ಬದಲು ಹುರಿದ ಕರಿ ಎಳ್ಳಿನ ಪುಡಿ ಹಾಕಿ, ಯಾರೂ ಕೇಳುವುದಿಲ್ಲ.

ಪೊಳ್ಳಿಗೆ ಕಾರಣ ಹೆಚ್ಚಾಗಿ ಇಸಬಗೋಲನ್ನು ಮಿಕ್ಸಿಯಲ್ಲಿ ನುಣ್ಣಗೆ ಪುಡಿ ಮಾಡಿರುವುದು, ಇಲ್ಲವೇ ಓಟಿಜಿ ಗುರುತಿಗಿಂತ ಹೆಚ್ಚು ಕಾಯುತ್ತಿರುವುದು. ಸಣ್ಣ ಓಟಿಜಿಗಳ ಗುಂಡಿ ತೋರಿಸುವ ಡಿಗ್ರಿಗೂ ಒಳಗಿನ ಬಿಸಿಗೂ 15, 20 ಡಿಗ್ರಿ ಆಚೀಚೆ ಇರುವುದು ಮಾಮೂಲು. ಹೊಟ್ಟನ್ನು ಹಾಗೇ ಬಳಸಿ, 165ಕ್ಕೆ ಇಳಿಸಿ ಹತ್ತು ನಿಮಿಷ ಹೆಚ್ಚು ಬೇಯಿಸಿ. ತಟ್ಟುವಾಗ ಒಳಗೆ ಗಾಳಿ ಉಳಿಯದ ಹಾಗೆ ಒತ್ತಿ.

ಕರೆಂಟ್ ಮೊದಲ 15 ನಿಮಿಷದೊಳಗೆ ಹೋದರೆ ಕಾಯಬೇಡಿ, ಕೂಡಲೇ ತೆಗೆದು 1 ಸೆಂಟಿಮೀಟರ್ ದಪ್ಪಕ್ಕೆ ತಟ್ಟಿ, ಕಾವಲಿಗೆ ಎಣ್ಣೆ ಧಾರಾಳವಾಗಿ ಸವರಿ, ಮುಚ್ಚಳ ಹಾಕಿ, ತೀರಾ ಸಣ್ಣ ಉರಿಯಲ್ಲಿ ಒಂದೊಂದು ಬದಿ 8 ನಿಮಿಷ ಬೇಯಿಸಿ. ಉಬ್ಬು ಹೋಗಿರುತ್ತದೆ, ರೊಟ್ಟಿ ಅಂತ ತಿನ್ನಬಹುದು. ಅರ್ಧ ಗಂಟೆ ದಾಟಿದ ಮೇಲೆ ಹೋದರೆ ಬಾಗಿಲು ತೆರೆಯದೆ ಹಾಗೇ ಬಿಡಿ, ಒಳಗಿನ ಬಿಸಿಯಲ್ಲೇ ಇನ್ನಷ್ಟು ಬೇಯುತ್ತದೆ. ಆರಿದ ಮೇಲೆ ಸೀಳಿ ಕಾವಲಿ ಮೇಲೆ ಸುಟ್ಟರೆ ಮುಗಿಯಿತು.

ಕಾವಲಿಕಟ್ಟೆ:

ಇಡುವುದರ ಬಗ್ಗೆ ಒಂದು ಸೇರಿಸುತ್ತೇನೆ. ಮಳೆಗಾಲದಲ್ಲಿ ಹೊರಗಿಟ್ಟರೆ ಒಂದೇ ದಿನ, ಮರುದಿನ ಬೂಷ್ಟು. ಫ್ರಿಜ್ಜಿನಲ್ಲಿ 4 ದಿನ. ಹೆಚ್ಚು ಮಾಡಿದರೆ ಆರಿದ ಮೇಲೆ ಸೀಳಿ, ನಡುವೆ ಬೆಣ್ಣೆ ಕಾಗದ ಇಟ್ಟು ಫ್ರೀಜರಿಗೆ ಹಾಕಿ, ಬೇಕಾದಾಗ ಕರಗಿಸದೆ ನೇರ ಕಾವಲಿಗೆ. ಅಗಸೆ ಪುಡಿಯನ್ನು ಮಾತ್ರ ತಿಂಗಳಿಗಾಗುವಷ್ಟು ಮಾಡಿಡಬೇಡಿ, ಕನಟು ವಾಸನೆ ಬರುತ್ತದೆ. ಬೀಜ ಹಾಗೇ ಇಟ್ಟುಕೊಂಡು ವಾರಕ್ಕೆ ಬೇಕಾದಷ್ಟೇ ಪುಡಿ ಮಾಡಿ, ಅದನ್ನೂ ಫ್ರಿಜ್ಜಿನಲ್ಲಿಡಿ.